ಏಳು ಮನೆಗಳ ಮೌನ

ಹಲ್ಲುಜ್ಜುವಾಗಲೂ ಅವನು ಎಣಿಸುತ್ತಿದ್ದ. ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು, ಮೂರು ಎರಡು ಮೂರು ನಾಲ್ಕು. ನಾಲ್ಕು ಎಣಿಕೆಗೆ ತಾಳದ ಒಂದು ಮನೆ, ಮೊದಲ ಅಂಕಿ ಆ ಮನೆಯದು. ಎಷ್ಟನೆಯ ಮನೆಯಲ್ಲಿದ್ದೇವೆಂಬುದು ಮರೆಯದಿರಲೆಂದು ಜಾಝ್ ನುಡಿಸುವವರು ಎಣಿಸುವ ರೀತಿ ಅದು. ಕನ್ನಡಿಯೊಳಗೆ ಅರವತ್ತಮೂರು ವರ್ಷದ ಮುಖವೊಂದು ಬಾಯಿತುಂಬ ನೊರೆ ಇಟ್ಟುಕೊಂಡು ಅವನನ್ನೇ ನೋಡುತ್ತಿತ್ತು. ಹನ್ನೊಂದು ಗಂಟೆಗೆ ರೇಡಿಯೋ ನಿಲಯದಲ್ಲಿ ನೇರ ಪ್ರಸಾರ. ಅವನನ್ನು ನಾಲ್ಕು ಜನರ ಬಾಯಲ್ಲಿ ನಿಲ್ಲಿಸಿದ ರೆಕಾರ್ಡಿಗೆ ಮೂವತ್ತೈದು ವರ್ಷ ತುಂಬಿದೆಯೆಂದು, ಅದರಲ್ಲಿ ನುಡಿಸಿದವರನ್ನೆಲ್ಲ ಕೂರಿಸಿ ಮಾತಾಡಿಸುವ ಏರ್ಪಾಡಾಗಿತ್ತು. ಎಲ್ಲರೂ ಎಂದರೆ ಈಗ ಇಬ್ಬರೇ: ಗಿಟಾರ್ ನುಡಿಸಿದ ಅವನು, ಆಳೆತ್ತರದ ಬಾಸ್ ಎಂಬ ತಂತಿವಾದ್ಯ ನುಡಿಸಿದ ಅವನ ಭಾವಮೈದುನ. ಡ್ರಮ್ಸಿನವನು ಹೋಗಿ ಒಂಬತ್ತು ವರ್ಷವಾಯಿತು. ಪಿಯಾನೋದವನು ಹೋದ ವರ್ಷ ತೀರಿಕೊಂಡ. ಪಿಯಾನೋದವನ ಮಣ್ಣಿಗೆ ಹೋದಾಗ ಅವನು ನಿಜವಾಗಿಯೇ ಅತ್ತಿದ್ದ, ಕರವಸ್ತ್ರ ಒದ್ದೆಯಾಗುವಷ್ಟು ಅತ್ತಿದ್ದ. ಆದರೆ ಮನೆಗೆ ಬಂದು ಊಟಕ್ಕೆ ಕೂತಾಗ ಎಂದೂ ಇಲ್ಲದ ಹಸಿವು. ಎರಡನೆಯ ಸಲ ಹಾಕಿಸಿಕೊಂಡ, ಮೂರನೆಯ ಸಲವೂ ತಟ್ಟೆ ಮುಂದೆ ಚಾಚಿದ. ಬಡಿಸುತ್ತಿದ್ದ ಹೆಂಡತಿಯ ಕೈ ಒಂದು ಗಳಿಗೆ ತಡೆದಂತಾಗಿ, ತನ್ನ ಹಸಿವು ಯಾವುದರದ್ದೆಂದು ಇವಳಿಗೆ ತಿಳಿದುಹೋಯಿತೇನೋ ಎಂದು ಅವನು ಹೆದರಿದ್ದ. ಗೊತ್ತಿದ್ದವರಲ್ಲಿ ಇನ್ನೊಬ್ಬ ಕಡಿಮೆಯಾದ ಎಂಬ ಸಮಾಧಾನದ ಹಸಿವು ಅದು. ಈಗ ಉಳಿದವನು ಒಬ್ಬನೇ, ಮತ್ತು ಆ ಒಬ್ಬನ ಮುಂದೆ ಇವತ್ತು ಯಾರೋ ಮೈಕು ಇಡುವವರಿದ್ದರು.

"ರೀ, ಬಲಗಾಲಿಂದೇ ಯಾಕೆ ತೂತು ಬೀಳತ್ತೆ ನಿಮ್ಗೆ?" ಹೊರಗಿನ ಕೋಣೆಯಲ್ಲಿ ಕಾಲುಚೀಲ ಹೊಲಿಯುತ್ತ ಕೂತಿದ್ದ ಹೆಂಡತಿ ಕೇಳಿದಳು. "ಹೆಬ್ಬೆರಳಲ್ಲಿ ಗರಗಸ ಇಟ್ಕೊಂಡಿದ್ದೀರಾ ಹೇಗೆ?"

ಅವನು ಬಾಯಿ ಮುಕ್ಕಳಿಸುವ ನೆಪದಲ್ಲಿ ಉತ್ತರ ತಪ್ಪಿಸಿದ. ಮೂವತ್ತೈದು ವರ್ಷದಿಂದ ಪ್ರತಿಯೊಂದು ವೇದಿಕೆಯ ಮೇಲೆ, ಕಣ್ಣು ಮುಚ್ಚಿ ಮೈಮರೆತವನಂತೆ ನುಡಿಸುವಾಗಲೆಲ್ಲ, ಅವನ ಬಲಗಾಲಿನ ಹೆಬ್ಬೆರಳು ಬೂಟಿನೊಳಗೆ ಯಾರಿಗೂ ಕಾಣದಂತೆ ಎಣಿಸುತ್ತಲೇ ಇರುತ್ತಿತ್ತು. ಹೊಸ ಕಾಲುಚೀಲ ನಾಲ್ಕು ಕಛೇರಿಗಿಂತ ಹೆಚ್ಚು ಬಾಳಿದ್ದಿಲ್ಲ.

"ಅವನ ಹತ್ರ ಇವತ್ತಾದ್ರೂ ನೆಟ್ಟಗೆ ಮಾತಾಡಿ. ನನ್ನ ತಮ್ಮ ಅಂತ ಹೇಳ್ತಿಲ್ಲ. ಮನೆಗೆ ಬಂದ್ರೆ ನೀವಿಬ್ರೂ ಸೆಖೆ ಜಾಸ್ತಿ, ಚಳಿ ಜಾಸ್ತಿ ಅನ್ನೋದು ಬಿಟ್ಟು ಬೇರೆ ಮಾತಾಡಿದ್ದು ನಾನು ಕಾಣೆ."

"ಅವನೇನಾದ್ರೂ ಹೇಳಿದ್ನಾ?"

"ಏನು ಹೇಳ್ಬೇಕಿತ್ತು?"

"ಏನಿಲ್ಲ. ಈ ರೇಡಿಯೋದವರ ವಿಷಯ."

ಅವಳು ದಾರವನ್ನು ಹಲ್ಲಿನಲ್ಲಿ ಕತ್ತರಿಸಿದಳು. "ನಿನ್ನೆ ಫೋನ್ ಮಾಡಿದ್ದ. ಒಂದು ಮಾತು ಹೊಟ್ಟೇಲಿಟ್ಕೊಂಡು ಸಾಕಾಗಿದೆ ಅಕ್ಕ, ನಾಳೆ ಎಲ್ರೂ ಕೇಳೋ ಹಾಗೆ ಹೇಳ್ಬಿಡ್ತೀನಿ ಅಂದ. ಏನೋ ಅಂದ್ರೆ ನಕ್ಕ. ಯಾಕೆ, ಏನಾಯ್ತು? ಟವೆಲ್ ಕೊಡ್ಲಾ?"

ಟವೆಲ್ ಅವನ ಕೈಯಲ್ಲೇ ಇತ್ತು.

ಆ ಟ್ಯೂನಿಗೆ 'ಬಿಸಿಲಿಗಿಟ್ಟ ಕುರ್ಚಿ' ಎಂದು ಹೆಸರಿಟ್ಟವನು ಅವನೇ. ಮೊದಲ ಬಾಡಿಗೆ ಮನೆಯ ಹಿತ್ತಲಲ್ಲಿ ಹೆಂಡತಿ ತೊಳೆದಿಟ್ಟ ಕುರ್ಚಿಯಿಂದ ನೀರು ತೊಟ್ಟಿಕ್ಕುವುದನ್ನು ನೋಡುತ್ತ ಒಂದೇ ಮಧ್ಯಾಹ್ನದಲ್ಲಿ ಕಟ್ಟಿದ್ದು. ಮೂವತ್ತೆರಡು ಮನೆಗಳ ಸುತ್ತು: ಮೊದಲು ಎಂಟು, ಮತ್ತೆ ಅದೇ ಎಂಟು, ಆಮೇಲೆ ಬೇರೆಯೇ ಚಹರೆಯ ಎಂಟು, ಕೊನೆಗೆ ತಿರುಗಿ ಮೊದಲಿನವೇ ಎಂಟು. ನಡುವಿನ ಆ ಬೇರೆ ಎಂಟಕ್ಕೆ ಸೇತುವೆ ಎನ್ನುತ್ತಾರೆ. ಸೇತುವೆಯ ಈಚೆಗೂ ಆಚೆಗೂ ಇರುವುದು ಒಂದೇ ಥರದ ಮನೆಗಳು. ಎಣಿಕೆ ಬಿಟ್ಟವನಿಗೆ ತಾನು ಸೇತುವೆಯನ್ನು ದಾಟಿಯಾಯಿತೋ, ಇನ್ನೂ ದಾಟಬೇಕೋ ತಿಳಿಯುವ ದಾರಿಯಿಲ್ಲ. ಅಂದು ರೆಕಾರ್ಡಿಂಗ್ ಕೋಣೆಯಲ್ಲಿ ಅದು ಪಿಯಾನೋದವನು ನುಡಿಸದೆ ಕೈ ಕಟ್ಟಿ ಕೂರಬೇಕಿದ್ದ ಸುತ್ತು. ಬರೀ ಬಾಸು ಮತ್ತು ಡ್ರಮ್ಸಿನ ಮೇಲೆ ಅವನು ನುಡಿಸುತ್ತಿದ್ದ, ತನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ, ಹಾಗನ್ನಿಸಿದ್ದರಿಂದಲೇ ತಲೆಯೆತ್ತಿ ನೋಡಿದ. ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರು ಬಾಯಿ ಅಗಲಿಸಿ ಆಕಳಿಸುತ್ತಿದ್ದ. ಆಕಳಿಕೆ ಮುಗಿಯಲೇ ಇಲ್ಲ. ಒಳಗಿನ ಹಲ್ಲಿಗೆ ತುಂಬಿಸಿದ ಬೆಳ್ಳಿ ಕೂಡ ಕಂಡಿತು. ಇವನಿಗೆ ಬೇಸರವಾಗುತ್ತಿದೆ ಎಂದುಕೊಂಡ. ಹಾಗೆ ಅಂದುಕೊಂಡು ಮುಗಿಸುವಷ್ಟರಲ್ಲಿ ತಾನು ಯಾವ ಮನೆಯಲ್ಲಿದ್ದೇನೆಂಬುದು ಹೋಗಿತ್ತು. ಸೇತುವೆ ಆಗಿಹೋಗಿದೆ, ಇದು ಕೊನೆಯ ಎಂಟು ಎಂದು ಧೈರ್ಯ ಮಾಡಿ ಒಂದು ಮನೆ ನುಡಿಸಿದ. ಕೆಳಗಿನಿಂದ ಬಾಸು ಬೇರೆಯೇ ಸ್ವರ ಹಿಡಿದು ಅವನ ಸ್ವರಕ್ಕೆ ಉಜ್ಜಿತು. ಕೈ ತೆಗೆದುಬಿಟ್ಟ. ಏಳು ಮನೆ. ಇಪ್ಪತ್ತೆಂಟು ಎಣಿಕೆ. ಅಷ್ಟು ಹೊತ್ತೂ ಬೆವರು ಕಿವಿಯ ಹಿಂದಿನಿಂದ ಕಾಲರಿನೊಳಗೆ ಇಳಿಯುತ್ತಿತ್ತು, ಕಾಲಡಿಯ ನೆಲ ಯಾವುದೆಂದು ಗೊತ್ತಿರಲಿಲ್ಲ. ಆಗ ಭಾವಮೈದುನ, ಬ್ಯಾಂಡಿನವರೆಲ್ಲ 'ಗಡಿಯಾರ' ಎಂದು ಕರೆಯುತ್ತಿದ್ದ ಇಪ್ಪತ್ತಾರರ ಹುಡುಗ, ಬಾಸಿನ ಹೆಗಲ ಮೇಲಿಂದ ಅವನನ್ನೇ ನೋಡಿ ತಲೆಯನ್ನು ಸಣ್ಣಗೆ ಕೆಳಕ್ಕೆ ಆಡಿಸಿದ. ಇಲ್ಲಿ, ಈಗ, ಬನ್ನಿ. ಅವನು ಒಂದೇ ಒಂದು ಸ್ವರ ಇಟ್ಟು ಒಳಗೆ ಬಂದ.

ಆ ತಲೆಯಾಡಿಸುವಿಕೆಯನ್ನು ಅವನು ಕ್ಷಮಿಸಲೇ ಇಲ್ಲ. ಇಂಜಿನಿಯರು ಇದೇ ಇರಲಿ ಎಂದ, ಪಿಯಾನೋದವನು ಹುಬ್ಬೇರಿಸಿ ಸುಮ್ಮನಾದ, ಭಾವಮೈದುನ ತಲೆ ತಗ್ಗಿಸಿ ತಂತಿ ಒರೆಸುತ್ತ ಕೂತ. ಮೂರು ತಿಂಗಳಿಗೆ ರೆಕಾರ್ಡು ಬಂತು. ಪತ್ರಿಕೆಯಲ್ಲಿ ವಿಮರ್ಶಕರೊಬ್ಬರು, ಒಂದು ಮನೆಯಷ್ಟು ಕಹಿ, ಏಳು ಮನೆಯಷ್ಟು ಮೌನ, ಇಷ್ಟು ಎದೆಗಾರಿಕೆ ಬೇರೆ ಯಾರಲ್ಲಿದೆ ಎಂದು ಬರೆದರು. ಓದಿ ಅವನು ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡು ವಾಂತಿ ಮಾಡಿದ್ದ. ಆಮೇಲೆ ರೂಢಿಯಾಯಿತು. ಜನ ಮೌನದ ಬಗ್ಗೆ ಕೇಳಿದರು, ಅವನು ಉತ್ತರ ಹೇಳಿದ. ಹೇಳುತ್ತ ಹೇಳುತ್ತ ಉತ್ತರ ನುಣುಪಾಯಿತು. ಸಂಗೀತ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಏನನ್ನೂ ನುಡಿಸದೆ ಏಳು ಮನೆ ಕೂರುವುದನ್ನು ಅಭ್ಯಾಸ ಮಾಡುವಾಗ ಅವನು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದ. ಮುಂದೆ ಅವನು ಕಟ್ಟಿದ ಟ್ಯೂನುಗಳಲ್ಲಿ ಸುತ್ತು ಎಂಬುದೇ ಇರಲಿಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೊಂದು ಸ್ವರವನ್ನೂ ಕಾಗದದ ಮೇಲೆ ಬರೆದೇ ಇಡುತ್ತಿದ್ದ. ಚೌಕಟ್ಟನ್ನೇ ಮುರಿದ ಎಂದರು. ದಾರಿ ತಪ್ಪುವ ಹೆದರಿಕೆಗೆ ದಾರಿಯನ್ನೇ ಕಿತ್ತುಹಾಕಿದವನನ್ನು ಹಾಗೆ ಹೊಗಳಿ ಶಾಲು ಹೊದಿಸಿ ಕಳಿಸಿದರು. ಈಗ ಅವನ ಹೆಸರು, ಅವನ ಪಾಠ, ಅವನ ಎರಡು ಪುಸ್ತಕ ಎಲ್ಲವೂ ಒಬ್ಬ ಇಂಜಿನಿಯರಿನ ಆಕಳಿಕೆಯ ಮೇಲೆ ನಿಂತಿದ್ದವು. ಅದು ಭಾವಮೈದುನನಿಗೆ ಗೊತ್ತಿತ್ತು.

ಗೊತ್ತಿರುವವನನ್ನು ದಿನಾ ಬೆನ್ನ ಹಿಂದೆ ನಿಲ್ಲಿಸಿಕೊಂಡು ನುಡಿಸುವುದು ಸಾಧ್ಯವಾಗಲಿಲ್ಲ. ರೆಕಾರ್ಡು ಬಂದ ಮರುತಿಂಗಳು, ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ನೀರಿನ ಲೋಟ ಎತ್ತುತ್ತ, ಪ್ರವಾಸಕ್ಕೆ ಬಾಸಿಗೆ ಬೇರೆಯವರನ್ನು ನೋಡಿದ್ದೇನೆ ಎಂದ. ಯಾರಿಗೆ ಹೇಳಿದ ಎಂಬುದು ಮೇಜಿನ ಸುತ್ತ ಎಲ್ಲರಿಗೂ ತಿಳಿಯಿತು. ಅತ್ತೆ ಸೌಟು ಹಿಡಿದು ನಿಂತೇ ಇದ್ದರು. ಭಾವಮೈದುನ ತುತ್ತು ನುಂಗಿ, "ಸರಿ ಭಾವ" ಎಂದ. ಯಾಕೆ ಎಂದು ಕೇಳಲಿಲ್ಲ. ಜಗಳವಾಡಿದ್ದರೆ, ಬೈದಿದ್ದರೆ, ತಟ್ಟೆ ತಳ್ಳಿ ಎದ್ದಿದ್ದರೆ ಬದುಕಿಕೊಳ್ಳಬಹುದಿತ್ತು. ಆ 'ಸರಿ'ಯಲ್ಲಿ, ನೀವು ಯಾಕೆ ಹೀಗೆ ಮಾಡುತ್ತಿದ್ದೀರೆಂದು ನನಗೆ ಗೊತ್ತಿದೆ ಎಂಬ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಗಡಿಯಾರ ಆಮೇಲೆ ಬಾಸ್ ಮುಟ್ಟಲಿಲ್ಲ. ಅದನ್ನು ಯಾವುದೋ ಶಾಲೆಗೆ ಕೊಟ್ಟು, ಲಿಫ್ಟ್ ರಿಪೇರಿ ಕಲಿತ.

ರೇಡಿಯೋ ನಿಲಯ ಆರನೆಯ ಮಹಡಿಯಲ್ಲಿತ್ತು. ಭಾವಮೈದುನ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ತೊಟ್ಟು ಕಟ್ಟಡದ ಕೆಳಗಿನ ಬಾಗಿಲಲ್ಲೇ ಕಾಯುತ್ತಿದ್ದ. ಕೂದಲು ಹಿಂದೆ ಸರಿದಿತ್ತು, ಎಷ್ಟು ಉಜ್ಜಿದರೂ ಹೋಗದ ಗ್ರೀಸಿನ ಕಪ್ಪು ಉಗುರಿನ ಅಂಚಿನಲ್ಲಿತ್ತು. "ಬಂದ್ರಾ ಭಾವ. ಅಕ್ಕ ಬರ್ಲಿಲ್ವಾ?"

"ಮನೇಲೇ ರೇಡಿಯೋ ಹಾಕ್ಕೊಂಡು ಕೂತಿದ್ದಾಳೆ."

ಲಿಫ್ಟಿನಲ್ಲಿ ಇಬ್ಬರೇ. ಬಾಗಿಲು ಮುಚ್ಚಿಕೊಂಡಾಗ ಅವನ ಬೆನ್ನು ತಾನಾಗಿ ಹಿಂದಿನ ತಗಡಿಗೆ ಒರಗಿತು. ಭಾವಮೈದುನ ತಲೆ ಓರೆ ಮಾಡಿ ಕಿವಿಗೊಟ್ಟು, "ರೋಲರ್ ಸವೆದಿದೆ" ಎಂದ. ಎರಡನೆಯ ಮಹಡಿ ದಾಟುವಾಗ ಲಿಫ್ಟು ಒಮ್ಮೆ ಕುಲುಕಿತು. ಅವನು ಕಂಬಿ ಹಿಡಿದದ್ದನ್ನು ನೋಡಿ ಭಾವಮೈದುನ ನಕ್ಕು, "ಹೆದರ್ಬೇಡಿ ಭಾವ, ಬೀಳಲ್ಲ. ಬಿದ್ದುಬಿಡತ್ತೆ ಅಂತ ಜನ ಸುಮ್ನೆ ಹೆದರ್ತಾರೆ. ಲಿಫ್ಟು ಬೀಳಲ್ಲ, ನಡುವೆ ಸಿಕ್ಕಿಹಾಕ್ಕೊಳ್ಳತ್ತೆ ಅಷ್ಟೆ" ಎಂದ.

ಮೂರನೆಯ ಮಹಡಿ. ಈಗ ಕೇಳಿಕೊಳ್ಳಬೇಕು. ಹೇಗೆ? ಕೈ ಮುಗಿದೇ? ನಿನ್ನ ಅಕ್ಕನ ಮುಖ ನೋಡಿಯಾದರೂ ಎಂದೇ? ಅರವತ್ತಮೂರರ ತಾನು ಈ ತಗಡಿನ ಪೆಟ್ಟಿಗೆಯೊಳಗೆ ಮೊಣಕಾಲೂರುವುದು ಅವನ ಕಣ್ಣಿಗೆ ಕಟ್ಟಿತು, ಮತ್ತು ಮೊಣಕಾಲು ನೋಯುವುದೂ ನೆನಪಾಗಿ ಕಣ್ಣಲ್ಲಿ ನೀರು ಬಂತು. "ನೋಡು," ಎಂದ. "ಆ ಹಳೇ ವಿಷಯ..."

"ಅಲ್ಲೇ ಹೇಳ್ತೀನಿ ಭಾವ. ಇಲ್ಲಿ ಆಡ್ಬಿಟ್ರೆ ಅಲ್ಲಿ ಹೇಳೋಕೆ ಧೈರ್ಯ ಉಳಿಯಲ್ಲ ನಂಗೆ." ಭಾವಮೈದುನ ಅಂಗಿಯ ಕಾಲರನ್ನು ಎರಡೆರಡು ಸಲ ಸರಿಮಾಡಿಕೊಂಡದ್ದನ್ನು ನೋಡಿ ಅವನು ಇನ್ನಷ್ಟು ಹೆದರಿದ. ಬಾಗಿಲು ತೆರೆಯಿತು.

ನಿರೂಪಕಿ ಮೂವತ್ತರ ಆಸುಪಾಸಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ಕೋಣೆಯ ಗೋಡೆಗೆಲ್ಲ ರಂಧ್ರ ರಂಧ್ರದ ಹಲಗೆ, ಒಂದು ಕಡೆ ಗಾಜು. ಗಾಜಿನ ಆಚೆ ಒಬ್ಬ ಇಂಜಿನಿಯರು ಕೂತಿದ್ದ. ಆ ಕಡೆ ನೋಡಬಾರದೆಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡ. ಮೇಜಿನ ಮೇಲಿನ ಕೆಂಪು ದೀಪ ಹತ್ತಿತು. ನಿರೂಪಕಿ ಅವನ ಬಾಲ್ಯ ಕೇಳಿದಳು, ಗುರುಗಳನ್ನು ಕೇಳಿದಳು, ಬಿಸಿಲಿಗಿಟ್ಟ ಕುರ್ಚಿಯ ಕತೆ ಕೇಳಿದಳು; ಅವನ ಬಾಯಿ ತನ್ನಷ್ಟಕ್ಕೆ ನುಣುಪಾದ ಉತ್ತರಗಳನ್ನು ಕೊಡುತ್ತ ಹೋಯಿತು, ಹೆಬ್ಬೆರಳು ಬೂಟಿನೊಳಗೆ ಎಣಿಸುತ್ತ ಹೋಯಿತು. ಕೊನೆಗೆ ಅವಳು ಭಾವಮೈದುನನ ಕಡೆ ತಿರುಗಿದಳು. "ಆ ಪ್ರಸಿದ್ಧ ಮೌನ. ನೀವು ಪಕ್ಕದಲ್ಲೇ ಇದ್ರಿ. ಅವತ್ತು ಏನಾಯ್ತು ಸರ್?"

ಭಾವಮೈದುನ ಮೈಕಿಗೆ ತೀರಾ ಹತ್ತಿರ ಬಾಗಿ, ಮತ್ತೆ ಹಿಂದೆ ಸರಿದು, ಗಂಟಲು ಸರಿಮಾಡಿಕೊಂಡ.

"ಅದು ಮೌನ ಅಲ್ಲಮ್ಮ. ಅದೊಂದು ತಪ್ಪು. ನನ್ನ ತಪ್ಪು." ಭಾವಮೈದುನ ಮೇಜನ್ನು ನೋಡುತ್ತ ಹೇಳಿದ. "ನಂಗೆ ಎಣಿಕೆ ತಪ್ತು. ಸಮಯಕ್ಕೆ ಮೊದಲೇ ಸೇತುವೆಗೆ ಹೋಗ್ಬಿಟ್ಟೆ. ಭಾವನ ಸ್ವರ ನನ್ನ ಸ್ವರ ಒಂದಕ್ಕೊಂದು ಕಚ್ಚಾಡಿದ್ವು. ಭಾವ ನುಡಿಸೋದು ನಿಲ್ಲಿಸಿದ್ರು. ಅವ್ರು ನಿಲ್ಲಿಸಿದ್ರು ಅಂದ್ಮೇಲೆ ತಪ್ಪಿದ್ದು ನಾನೇ ಅಂತ ಗೊತ್ತಾಯ್ತು, ಭಾವ ಯಾವತ್ತಾದ್ರೂ ತಪ್ಪೋದುಂಟೇ? ಬೇರೆಯವರಾಗಿದ್ರೆ ಅಲ್ಲೇ ಬೈದು ಮತ್ತೆ ಮೊದಲಿಂದ ಶುರು ಮಾಡಿಸ್ತಿದ್ರು. ಇವ್ರು ಕೈ ತೆಗೆದು, ನಾನು ದಾರಿ ಹುಡುಕಿಕೊಳ್ಳೋವರೆಗೆ ಏಳು ಮನೆ ಕಾದ್ರು. ದಾರಿ ಸಿಕ್ತು, ಕ್ಷಮಿಸಿ, ಬನ್ನಿ ಅಂತ ನಾನು ತಲೆ ಆಡಿಸಿದೆ. ಬಂದ್ರು. ಆಮೇಲೆ ನನ್ನನ್ನ ಬ್ಯಾಂಡಿಂದ ಬಿಡಿಸಿದ್ರು. ಸರಿಯಾಗೇ ಮಾಡಿದ್ರು. ಆದ್ರೆ ಯಾಕೆ ಅಂತ ಒಬ್ಬರ ಹತ್ರಾನೂ ಬಾಯಿ ಬಿಡ್ಲಿಲ್ಲ, ನನ್ನ ಅಕ್ಕನ ಹತ್ರ ಕೂಡ. ಮೂವತ್ತೈದು ವರ್ಷ ನನ್ನ ಮಾನ ಕಾಪಾಡಿದ್ರು. ಅದನ್ನ ಹೇಳ್ಬೇಕು ಅಂತ್ಲೇ ಬಂದೆ."

ನಿರೂಪಕಿಯ ಬಾಯಿ ತುಸು ತೆರೆದೇ ಇತ್ತು. "ಸರ್," ಅವನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಇದು ನಿಜಾನಾ?"

ಈಗ ಅವನು ಎಲ್ಲಿದ್ದಾನೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಎರಡು ಮೂರು ನಾಲ್ಕು. ಹೇಳಲು ಬೇಕಾದಷ್ಟು ಸಮಯವಿತ್ತು. ಮೊದಲು ಬಂದದ್ದು ಬಿಡುಗಡೆ, ನಾಚಿಕೆಗೆಟ್ಟ ಬಿಡುಗಡೆ. ಭುಜದಿಂದ ಏನೋ ಇಳಿದು, ಹೊಟ್ಟೆಯಲ್ಲಿ ಪಿಯಾನೋದವನ ಮಣ್ಣಿನ ದಿನದಂಥದೇ ಹಸಿವು ಎದ್ದಿತು. ಇಲ್ಲ ಎನ್ನಲು ತುಟಿ ತೆರೆದ. ಹೊರಗೆ ಬಂದದ್ದು ಬೇರೆ ಮಾತು.

"ಅವನಿನ್ನೂ ಚಿಕ್ಕವನು ಆಗ," ಎಂದ. "ಅದೆಲ್ಲ ಆಗ್ತಿರತ್ತೆ."

ಅಷ್ಟು ಹೇಳಿ ಮುಗುಳ್ನಕ್ಕ ಕೂಡ. ಆ ನಗು ತನ್ನ ಮುಖದ ಮೇಲೆ ಕೂತಿರುವುದು ಅವನಿಗೆ ಒಳಗಿನಿಂದ ಗೊತ್ತಾಗುತ್ತಿತ್ತು, ಅಳಿಸಲು ಆಗುತ್ತಿರಲಿಲ್ಲ. ಭಾವಮೈದುನ ಕೃತಜ್ಞತೆಯಿಂದ ಅವನ ಮೊಣಕೈ ಮುಟ್ಟಿದ.

"ಹಾಗಾದ್ರೆ ಈಗ ಆ ಭಾಗ ಕೇಳೋಣ," ನಿರೂಪಕಿ ಹೇಳಿದಳು. "ನೀವು ಎಷ್ಟು ಸಾವಿರ ಸಲ ಕೇಳಿರ್ತೀರೋ."

"ಇಲ್ಲಮ್ಮ. ಕೇಳೇ ಇಲ್ಲ. ಅಕ್ಕ ಒಂದು ರೆಕಾರ್ಡು ಕೊಟ್ಟಿದ್ಲು, ಕವರ್ ಬಿಚ್ಚೋ ಧೈರ್ಯ ಬರ್ಲಿಲ್ಲ."

ಅವನಿಗೆ ಬೇಡ ಎನ್ನಬೇಕೆನಿಸಿತು. ತಲೆನೋವು ಎನ್ನಲೇ, ನೀರು ಚೆಲ್ಲಲೇ, ಎದೆ ಹಿಡಿದುಕೊಂಡು ಮೇಜಿನ ಮೇಲೆ ಬೀಳಲೇ? ಅಷ್ಟರಲ್ಲಿ ಕೆಂಪು ದೀಪ ಆರಿ ಇಬ್ಬರ ಕಿವಿಗೂ ಹೆಡ್‌ಫೋನು ಬಂದಾಗಿತ್ತು. ಮೂವತ್ತೈದು ವರ್ಷದ ಹಿಂದಿನ ಕೋಣೆಯ ಗಾಳಿ ಕಿವಿಯೊಳಗೆ ಗುಯ್ಯೆಂದಿತು. ಭಾವಮೈದುನ ಕಣ್ಣು ಮುಚ್ಚಿದ. ಗ್ರೀಸಿನ ಕಪ್ಪು ಕೂತ ತೋರುಬೆರಳು ಮೇಜಿನ ಮೇಲೆ ಎದ್ದು ಕೂತು ಎಣಿಸತೊಡಗಿತು. ಅಷ್ಟು ವರ್ಷ ಬಾಸ್ ಮುಟ್ಟದಿದ್ದರೂ ಆ ಬೆರಳು ಕೂದಲೆಳೆಯಷ್ಟೂ ಅತ್ತಿತ್ತ ಆಗಲಿಲ್ಲ. ಮೊದಲ ಎಂಟು ಮನೆ. ಎರಡನೆಯ ಎಂಟು. ಗಿಟಾರು ಹಾಡುತ್ತಿತ್ತು, ಎಷ್ಟು ಚೆನ್ನಾಗಿ ಹಾಡುತ್ತಿತ್ತು ಪಾಪ, ಮುಂದೇನಿದೆಯೆಂದು ತಿಳಿಯದೆ. ಆರು ಎರಡು ಮೂರು ನಾಲ್ಕು. ಏಳು. ಎಂಟು. ಬೆರಳು ಒಂದಕ್ಕೆ ಬಿತ್ತು. ಅದೇ ಕ್ಷಣಕ್ಕೆ ಬಾಸು ಸೇತುವೆಯ ಮೊದಲ ಸ್ವರ ಹಿಡಿಯಿತು. ಸರಿಯಾಗಿ, ಹೊಸಿಲ ಮೇಲೆ ಹೆಜ್ಜೆ ಇಟ್ಟಂತೆ. ಮೇಲಿಂದ ಗಿಟಾರು ಅದಕ್ಕೆ ಉಜ್ಜಿ, ತಡವರಿಸಿ, ನಿಂತುಹೋಯಿತು.

ಬೆರಳು ನಿಲ್ಲಲಿಲ್ಲ. ಎರಡು ಎರಡು ಮೂರು ನಾಲ್ಕು. ಭಾವಮೈದುನನ ಹುಬ್ಬು ಗಂಟಿಕ್ಕಿತು. ಮೂರು. ನಾಲ್ಕು. ಐದನೆಯ ಮನೆಯಲ್ಲಿ ಕಣ್ಣು ತೆರೆದು ತನ್ನ ಬೆರಳನ್ನೇ ನೋಡಿದ, ಅದು ಬೇರೆ ಯಾರದೋ ಎಂಬಂತೆ. ಬಾಸು ಒಂಟಿಯಾಗಿ ಸೇತುವೆ ದಾಟುತ್ತಿತ್ತು, ಒಂದು ಹೆಜ್ಜೆಯೂ ಜಾರದೆ. ಎಂಟು ಎರಡು ಮೂರು ನಾಲ್ಕು. ಬೆರಳು ಒಂದಕ್ಕೆ ಬಿದ್ದಾಗ ಗಿಟಾರಿನ ಒಂದೇ ಸ್ವರ ಒಳಗೆ ಬಂತು, ಮತ್ತು ಬೆರಳು ಅಲ್ಲೇ ಮೇಜಿಗೆ ಒತ್ತಿಕೊಂಡು ಉಳಿಯಿತು.

ಕೆಂಪು ದೀಪ ಮತ್ತೆ ಹತ್ತಿತು. "ಹೇಗನ್ನಿಸ್ತು ಸರ್?" ನಿರೂಪಕಿ ಕೇಳಿದಳು. "ಎಲ್ಲಿ ತಪ್ಪಿತ್ತು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು," ಎಂದ ಭಾವಮೈದುನ.

ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ತಲೆಯೆತ್ತಿ ಭಾವನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಅದರ ಹಿಂದೆ ಅಡಗಿಕೊಳ್ಳುತ್ತಿದ್ದ. ಒಂದು ಮನೆ ಕಳೆಯಿತು, ಎರಡು ಮನೆ ಕಳೆಯಿತು. ನಿರೂಪಕಿ ಚಡಪಡಿಸಿ ಕೈಯಲ್ಲಿದ್ದ ಕಾಗದ ಮಗುಚಿದಳು. ಆಗ ಭಾವಮೈದುನ ತಲೆಯನ್ನು ಸಣ್ಣಗೆ ಕೆಳಕ್ಕೆ ಆಡಿಸಿದ.

"ತಪ್ಪಿದ್ದು ನಾನು," ಭಾವ ಹೇಳಿದ. ತನ್ನ ಧ್ವನಿ ಅಷ್ಟು ತೆಳ್ಳಗಿರುವುದು ಅವನಿಗೇ ಗೊತ್ತಿರಲಿಲ್ಲ. "ಅವನಲ್ಲ. ಅವನು ಸರಿಯಾಗೇ ಇದ್ದ. ಅಲ್ಲೊಬ್ಬರು ಆಕಳಿಸಿದ್ರು, ನಾನು ನೋಡ್ದೆ, ಎಣಿಕೆ ಬಿಟ್ಟೆ. ಆ ಏಳು ಮನೆ ನಾನು ಎಲ್ಲಿದ್ದೀನಿ ಅಂತ ನಂಗೆ ಗೊತ್ತಿರ್ಲಿಲ್ಲ. ಹೆದರಿ ಸುಮ್ನಿದ್ದೆ. ಈಗಷ್ಟೇ, ಸ್ವಲ್ಪ ಹೊತ್ತಿನ ಮುಂಚೆ ಕೂಡ ಸುಳ್ಳು ಹೇಳಿದೆ."

ಮೂವತ್ತೈದು ವರ್ಷ ಕಾದಿದ್ದ ಸಿಡಿಲು ಈಗ ಬೀಳುತ್ತದೆಂದು ಅವನು ಕುರ್ಚಿಯ ಕೈ ಹಿಡಿದು ಕೂತ. ನಿರೂಪಕಿಯ ಕಣ್ಣಿನಲ್ಲಿ ನೀರು ತುಂಬಿತು.

"ಕೇಳಿದ್ರಲ್ಲ," ಅವಳು ಮೈಕಿಗೆ ಹೇಳಿದಳು. "ಇವತ್ತಿಗೂ, ಇಷ್ಟೆಲ್ಲ ಆದ ಮೇಲೂ, ಭಾವಮೈದುನನ ತಪ್ಪನ್ನ ತಮ್ಮ ತಲೆ ಮೇಲೆ ಹೊತ್ಕೊಳ್ತಿದ್ದಾರೆ. ದೊಡ್ಡವರು ಅಂದ್ರೆ ಹೀಗೆ."

"ಇಲ್ಲಮ್ಮ, ನಿಜವಾಗ್ಲೂ ನಾನು..."

"ಸರ್, ಸಾಕು, ನಮ್ಮನ್ನೆಲ್ಲ ಅಳಿಸ್ತೀರಿ." ಅವಳು ನಗುತ್ತ ಗಾಜಿನ ಕಡೆ ಕೈಸನ್ನೆ ಮಾಡಿದಳು. ಇಂಜಿನಿಯರು ಎದ್ದು ನಿಂತು ಎರಡೂ ಕೈಯಿಂದ ಸದ್ದಿಲ್ಲದೆ ಚಪ್ಪಾಳೆ ತಟ್ಟುತ್ತಿದ್ದ. ಸಂಗೀತ ಏರಿತು, ದೀಪ ಆರಿತು. ಕೋಣೆಯಲ್ಲಿ ಅವನ ಮಾತನ್ನು ನಂಬಿದವನು ಒಬ್ಬನೇ ಇದ್ದ, ಅವನು ಆಗಲೇ ಬಾಗಿಲ ಬಳಿ ಹೋಗಿದ್ದ.

ಕಾರಿಡಾರಿನಲ್ಲಿ ಇಬ್ಬರೂ ಲಿಫ್ಟಿನ ಗುಂಡಿ ಒತ್ತಿ ನಿಂತರು. ಫೋನು ಅವನ ಜೇಬಿನಲ್ಲಿ ನಡುಗುತ್ತಿತ್ತು, ಹೆಂಡತಿ ಇರಬೇಕು. ಅವಳು ಯಾವುದನ್ನು ನಂಬಿರುತ್ತಾಳೆ ಎಂದು ಯೋಚಿಸಲು ಹೆದರಿಕೆಯಾಯಿತು. ತೆಗೆಯಲಿಲ್ಲ.

"ನಂಗಾದ್ರೂ ಹೇಳ್ಬಹುದಿತ್ತಲ್ಲ ಭಾವ," ಭಾವಮೈದುನ ಲಿಫ್ಟಿನ ಬಾಗಿಲನ್ನು ನೋಡುತ್ತ ಕೇಳಿದ.

"ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಭಾವಮೈದುನ ಬಾಗಿಲಿನಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದ. "ಗೊತ್ತಿದೆ ಅಂತಾನೇ ಬಿಡಿಸಿದ್ರಾ?"

ಲಿಫ್ಟ್ ಬಂದು ಬಾಗಿಲು ತೆರೆಯಿತು. ಅವನು ಒಳಗೆ ಹೋಗಿ ಬದಿಗೆ ಸರಿದು ಜಾಗ ಮಾಡಿದ. ಬದುಕಿನ ಅರ್ಧವನ್ನು ಲಿಫ್ಟುಗಳೊಳಗೆ ಕಳೆದಿದ್ದ ಭಾವಮೈದುನ ಆ ಖಾಲಿ ಜಾಗವನ್ನು ಒಂದು ಸಲ ನೋಡಿದ.

"ನೀವು ಹೋಗಿ ಭಾವ," ಎಂದು ಮೆಟ್ಟಿಲ ಕಡೆ ತಿರುಗಿದ.

ಬಾಗಿಲು ಮುಚ್ಚಿತು. ಲಿಫ್ಟ್ ಕುಲುಕಿ ಇಳಿಯತೊಡಗಿತು. ತಗಡಿನ ಆಚೆಯಿಂದ, ಆರು ಮಹಡಿಯ ಮೆಟ್ಟಿಲುಗಳ ಮೇಲೆ ಇಳಿದು ಬರುತ್ತಿದ್ದ ಹೆಜ್ಜೆಗಳು ಅವನಿಗೆ ಕೇಳಿಸುತ್ತಿದ್ದವು. ಅವನು ಕಂಬಿ ಹಿಡಿದು ಕಿವಿಗೊಟ್ಟ. ಒಂದು ಎರಡು ಮೂರು ನಾಲ್ಕು. ಎಲ್ಲೂ ಅವಸರವಿರಲಿಲ್ಲ, ಎಲ್ಲೂ ಎಣಿಕೆ ತಪ್ಪಲಿಲ್ಲ.